ಕಣ್ಣು ಹಣೆಗೆ ಹತ್ತದಂತೆ ಮುಖ ಬರೆಸುವುದು

ಮೂರನೇ ತರಗತಿಯವರಿಗೆ ಮುಖ ಬರೆಯಲು ಹೇಳಿದರೆ ಬಹುತೇಕರು ಕಣ್ಣನ್ನು ಹಣೆಯಲ್ಲೇ ಕೂರಿಸುತ್ತಾರೆ. ಅವರ ಲೆಕ್ಕದಲ್ಲಿ ಮುಖವೆಂದರೆ ಕಣ್ಣು, ಮೂಗು, ಬಾಯಿ ಅಷ್ಟೇ; ನೆತ್ತಿಗೆ ಜಾಗವೇ ಇಲ್ಲ. ತಿದ್ದಿ ಹೇಳಿದರೆ ನಂಬುವುದಿಲ್ಲ, ಅಳೆದರೆ ನಂಬುತ್ತಾರೆ.

ಇಬ್ಬಿಬ್ಬರನ್ನು ಎದುರುಬದುರು ಕೂರಿಸಿ ಒಂದು ದಾರ ಕೊಡಿ. ನೆತ್ತಿಯಿಂದ ಗದ್ದದವರೆಗೆ ಅಳೆದು ದಾರವನ್ನು ಎರಡಾಗಿ ಮಡಿಸಲಿ. ಗದ್ದದಿಂದ ಹಿಡಿದರೆ ಮಡಿಕೆ ಹೆಚ್ಚುಕಡಿಮೆ ಕಣ್ಣಿನ ಮಟ್ಟಕ್ಕೆ ಬರುತ್ತದೆ. ಚಿಕ್ಕ ಮಕ್ಕಳಲ್ಲಿ ಕಣ್ಣು ಇನ್ನೂ ತುಸು ಕೆಳಗೇ ಇರುತ್ತದೆ. ದಾರ ಮೂಗಿನ ಮೇಲೆ ಹಾದರೆ ಅಳತೆ ಕೆಡುತ್ತದೆ, ಕೆನ್ನೆಯ ಪಕ್ಕ ನೆಟ್ಟಗೆ ಹಿಡಿಸಿ.

ಈಗ ಎ4 ಹಾಳೆಯಲ್ಲಿ, 2ಬಿ ಪೆನ್ಸಿಲಿನಿಂದ, ಹಾಳೆ ತುಂಬುವಷ್ಟು ದೊಡ್ಡ ಮೊಟ್ಟೆಯಾಕಾರ. ನಡುವೆ ತೆಳುವಾದ ಅಡ್ಡಗೆರೆ: ಅದು ಕಣ್ಣಿಗೆ. ಎರಡು ಕಣ್ಣಿನ ನಡುವೆ ಇನ್ನೊಂದು ಕಣ್ಣು ಹಿಡಿಸುವಷ್ಟು ಜಾಗ ಬಿಡಬೇಕು. ಕಣ್ಣಿನ ಗೆರೆಗೂ ಗದ್ದಕ್ಕೂ ಸರಿಯಾಗಿ ನಟ್ಟನಡುವೆ ಮೂಗಿನ ತುದಿ. ಅಲ್ಲಿಂದ ಗದ್ದದವರೆಗಿನ ಮೂರರಲ್ಲಿ ಒಂದು ಪಾಲು ಇಳಿದರೆ ತುಟಿ ಸೇರುವ ಗೆರೆ. ಕಿವಿ ಹುಬ್ಬಿನಿಂದ ಮೂಗಿನ ತುದಿಯವರೆಗೆ.

ರಬ್ಬರುಗಳನ್ನು ಮೊದಲೇ ಡಬ್ಬಿಗೆ ಹಾಕಿಸಿಕೊಳ್ಳಿ. ಇಲ್ಲದಿದ್ದರೆ ಒಂದೇ ಕಣ್ಣನ್ನು ಅಳಿಸಿ ಅಳಿಸಿ ಹಾಳೆ ನಾರುನಾರಾಗುತ್ತದೆ, ಪೀರಿಯಡ್ಡೂ ಮುಗಿಯುತ್ತದೆ.

ಬಣ್ಣಕ್ಕೆ ಡಬ್ಬಿಯಲ್ಲಿರುವ ಗುಲಾಬಿ ‘ಸ್ಕಿನ್ ಕಲರ್’ ಬೇಡ, ಅದು ತರಗತಿಯಲ್ಲಿ ಯಾರ ಮೈಬಣ್ಣವೂ ಅಲ್ಲ. ಪೋಸ್ಟರ್ ಬಣ್ಣದಲ್ಲಿ ಹಳದಿಗೆ ಕೆಂಪು ಬೆರೆಸಿ, ನೀಲಿಯನ್ನು ಬ್ರಷ್ಷಿನ ತುದಿಯಲ್ಲಿ ಒಂದೊಂದೇ ಚುಕ್ಕೆ ಸೇರಿಸಿದರೆ ಕಂದು ಬರುತ್ತದೆ. ಬೇಕಾದಷ್ಟು ಬಿಳಿ ಹಾಕಿ, ಕೈಯ ಹಿಂಬದಿಗೆ ಹಚ್ಚಿ ಹೋಲಿಸಲಿ. ನೀಲಿ ಒಮ್ಮೆಗೇ ಬಿದ್ದರೆ ಕೆಸರು.

ಅಮೂರ್ತ ಚಿತ್ರಕ್ಕೆ, ಅಂದರೆ ಯಾವ ವಸ್ತುವನ್ನೂ ತೋರಿಸದೆ ಆಕಾರ, ಬಣ್ಣಗಳಿಂದಲೇ ಆಗುವ ಚಿತ್ರಕ್ಕೆ, ಇನ್ನೊಂದು ಪೀರಿಯಡ್. ‘ಏನು ಬೇಕಾದರೂ ಬರೆಯಿರಿ’ ಎಂದರೆ ಎರಡು ಗುಡ್ಡ, ನಡುವೆ ಸೂರ್ಯ, ಪಕ್ಕದಲ್ಲಿ ತೆಂಗಿನಮರ ಖಂಡಿತ. ಹಾಗಾಗಿ ಕಟ್ಟುಪಾಡು ಹಾಕಿ: ಒಂದು ವೃತ್ತ, ಹಾಳೆಯ ಅಂಚಿನಿಂದ ಅಂಚಿಗೆ ಏಳು ಗೆರೆ, ಮೂರೇ ಬಣ್ಣ. ಭಾರತದ ಚಿತ್ರಕಾರ ಎಸ್.ಎಚ್. ರಜಾ ಅವರ, ದೊಡ್ಡ ವೃತ್ತವೇ ಮುಖ್ಯವಾಗಿರುವ ‘ಬಿಂದು’ ಚಿತ್ರವೊಂದನ್ನು ಮೊದಲು ತೋರಿಸಿದರೆ, ಒಂದು ವೃತ್ತ ಇಡೀ ಚಿತ್ರವನ್ನು ಹೇಗೆ ಹಿಡಿದಿಡುತ್ತದೆಂದು ಕಾಣುತ್ತದೆ. ಗೆರೆಗಳನ್ನು ಮೇಣದ ಕ್ರೆಯಾನಿನಿಂದ ಒತ್ತಿ ಎಳೆಸಿ, ಮೇಲೆ ತೆಳು ಜಲವರ್ಣ ಹರಿಸಿ. ಮೇಣ ನೀರನ್ನು ತಳ್ಳುವುದರಿಂದ ಗೆರೆ ಹಾಗೇ ಉಳಿಯುತ್ತದೆ. ಹಗುರವಾಗಿ ಎಳೆದಿದ್ದರೆ ಬಣ್ಣ ನುಗ್ಗುತ್ತದೆ. ನೋಟ್‌ಬುಕ್ ಹಾಳೆ ಸುಕ್ಕಾಗುತ್ತದೆ, ದಪ್ಪ ಡ್ರಾಯಿಂಗ್ ಶೀಟೇ ಬೇಕು.

ಮುಗಿದ ಮೇಲೆ ‘ಇದೇನು?’ ಎಂದು ಕೇಳಬೇಡಿ. ಮಗು ಗಾಬರಿಯಾಗಿ ‘ಮೀನು’ ಎನ್ನುತ್ತದೆ. ‘ಮೊದಲು ಯಾವ ಗೆರೆ ಎಳೆದೆ?’ ಎಂದು ಕೇಳಿ.