ವಿಲ್ ಯಾಕೆ ಬರೀಬೇಕು, ಕೋರ್ಟಲ್ಲೂ ನಿಲ್ಲೋ ಹಾಗೆ ಹೇಗೆ ಬರೀಬೇಕು

ಒಂದು ಲೆಕ್ಕ ನೋಡಿ. ಮನೆ ಯಜಮಾನರು ತೀರ್ಕೊಂಡ್ರು, ವಿಲ್ ಬರ್ದಿಲ್ಲ. ಸ್ವಂತ ಸಂಪಾದನೆಯ ಥರ್ಟಿ ಫಾರ್ಟಿ ಸೈಟು, ಅದರಲ್ಲೊಂದು ಮನೆ. ಹೆಂಡತಿ, ಒಬ್ಬ ಮಗ, ಒಬ್ಬಳು ಮಗಳು, ಊರಲ್ಲಿ ವಯಸ್ಸಾದ ತಾಯಿ ಇದ್ದಾರೆ. ಮನೆ ಯಾರಿಗೆ ಹೋಗತ್ತೆ ಅಂದ್ರೆ ‘ಹೆಂಡತಿಗೆ, ಇನ್ಯಾರಿಗೆ’ ಅಂತಾರೆ ತುಂಬಾ ಜನ. ಆದ್ರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ನಾಲ್ಕೂ ಜನಕ್ಕೆ ಸಮಪಾಲು, ತಲಾ ನಾಲ್ಕಾಣೆ. ಸ್ವಲ್ಪ ವರ್ಷ ಬಿಟ್ಟು ಆ ತಾಯಿನೂ ತೀರ್ಕೊಂಡ್ರು, ಅವರೂ ವಿಲ್ ಬರ್ದಿಲ್ಲ ಅಂದ್ಕೊಳ್ಳಿ, ಆಗ ಅವರ ನಾಲ್ಕಾಣೆ ಅವರ ಎಲ್ಲಾ ಮಕ್ಕಳಿಗೆ ಹಂಚಿಹೋಗತ್ತೆ, ಅಂದ್ರೆ ತೀರ್ಕೊಂಡ ಯಜಮಾನರ ಅಣ್ಣ ತಮ್ಮ ಅಕ್ಕ ತಂಗಿಯರೂ ಈಗ ಆ ಮನೇಲಿ ಪಾಲುದಾರರು. ಯಾರೂ ಮೋಸ ಮಾಡಿಲ್ಲ, ಯಾರೂ ಕೆಟ್ಟವರಲ್ಲ, ಕಾನೂನು ತನ್ನ ಪಾಡಿಗೆ ಕೆಲಸ ಮಾಡಿದೆ ಅಷ್ಟೇ.

ಇದರ ಬಿಸಿ ತಟ್ಟೋದು ಆ ಹೆಂಡತಿಗೆ. ಮನೆ ಮಾರ್ಬೇಕು ಅಂದ್ರೂ, ಮೇಲೊಂದು ಫ್ಲೋರ್ ಕಟ್ಟೋಕೆ ಲೋನ್ ತಗೋಬೇಕು ಅಂದ್ರೂ ಎಲ್ಲಾ ಪಾಲುದಾರರ ಸಹಿ ಬೇಕು, ಖಾತಾ ಬದಲಾಯಿಸೋಕೆ ಡೆತ್ ಸರ್ಟಿಫಿಕೇಟು ವಂಶವೃಕ್ಷ ಹಿಡ್ಕೊಂಡು ಓಡಾಡ್ಬೇಕು, ಒಬ್ಬರು ಫಾರಿನ್ನಲ್ಲಿದ್ರೆ ಅಲ್ಲಿಂದ ಪವರ್ ಆಫ್ ಅಟಾರ್ನಿ ತರಿಸ್ಬೇಕು, ಒಬ್ಬರು ಸಹಿ ಹಾಕಲ್ಲ ಅಂತ ಕೂತ್ರೆ ಪಾರ್ಟಿಷನ್ ಸೂಟ್ ಹಾಕಿ ಕೋರ್ಟು ಮೆಟ್ಟಿಲು ಹತ್ಬೇಕು. ಹಳ್ಳಿ ಕಡೆ ಜಮೀನಾದ್ರೆ ಇನ್ನೂ ಕಷ್ಟ. ತಾತ ತೀರ್ಕೊಂಡು ಎಷ್ಟೋ ವರ್ಷ ಆಗಿರತ್ತೆ, ಪಹಣಿ ಇನ್ನೂ ಅವರ ಹೆಸರಲ್ಲೇ ಇರತ್ತೆ, ಪೌತಿ ಖಾತೆ (ತೀರ್ಕೊಂಡವರ ಹೆಸರಿಂದ ವಾರಸುದಾರರ ಹೆಸರಿಗೆ ಬದಲಾವಣೆ) ಮಾಡ್ಸೋಕೆ ಹೋದ್ರೆ ಅಷ್ಟು ಹೊತ್ತಿಗೆ ವಾರಸುದಾರರು ಮೂರು ತಲೆಮಾರಿಗೆ ಕವಲೊಡೆದಿರ್ತಾರೆ. ನೀವು ಹೋದ್ಮೇಲೆ ಮನೆಯವರು ಒಂದೊಂದು ಸಹಿಗೂ ಬೇರೆಯವರ ಮನೆ ಬಾಗಿಲು ಕಾಯೋ ಹಾಗಾಗ್ಬಾರ್ದು ಅನ್ನೋದಾದ್ರೆ ವಿಲ್ ಬರೀರಿ. ನಾನು ಹೇಳೋದೆಲ್ಲಾ ಇದೊಂದೇ ಮಾತಿಗಾಗಿ.

ಹೆಣ್ಮಕ್ಕಳಿಗೆ ಇದನ್ನ ಒತ್ತಿ ಹೇಳ್ತೀನಿ. ಹಿಂದೂ ಹೆಂಗಸು ಸ್ವಂತ ದುಡಿದು ಮಾಡಿದ ಆಸ್ತಿ ವಿಲ್ ಇಲ್ದಿದ್ರೆ ಮೊದಲು ಗಂಡ ಮಕ್ಕಳಿಗೆ ಹೋಗತ್ತೆ, ಸರಿ. ಗಂಡ ಮಕ್ಕಳು ಇಬ್ರೂ ಇಲ್ಲ ಅಂದ್ರೆ? ಅವಳ ಅಪ್ಪ ಅಮ್ಮಂಗಿಂತ ಮುಂಚೆ ಗಂಡನ ಕಡೆ ವಾರಸುದಾರರಿಗೆ ಹೋಗತ್ತೆ. 2009ರಲ್ಲಿ ಸುಪ್ರೀಂ ಕೋರ್ಟಲ್ಲಿ ಇಂಥದ್ದೇ ಒಂದು ಕೇಸು ತೀರ್ಮಾನ ಆಯ್ತು. ಮದುವೆ ಆಗಿ ಮೂರೇ ತಿಂಗಳಿಗೆ ಗಂಡ ತೀರ್ಕೊಂಡ, ಗಂಡನ ಮನೆಯವರು ಆಚೆ ಕಳಿಸಿದ್ರು, ತವರಿನವರು ಓದಿಸಿದ್ರು, ಆಕೆ ಕೆಲಸಕ್ಕೆ ಸೇರಿ ದುಡ್ಡು ಕೂಡಿಟ್ರು, 1996ರಲ್ಲಿ ವಿಲ್ ಬರೀದೇನೆ ತೀರ್ಕೊಂಡ್ರು. ಸಾಕಿ ಓದಿಸಿದ ತವರಿಗೆ ಏನೂ ಬರ್ಲಿಲ್ಲ, ಆಚೆ ಕಳಿಸಿದ ಗಂಡನ ಮನೆ ಕಡೆಯವರಿಗೇ ಎಲ್ಲಾ ಹೋಯ್ತು. ಕಾಯ್ದೆ ಹಾಗಿದೆ, ಅನುಕಂಪ ನೋಡಿ ತೀರ್ಪು ಕೊಡೋಕಾಗಲ್ಲ ಅಂತು ಕೋರ್ಟು. ಎರಡು ಹಾಳೆ ವಿಲ್ ಇದ್ದಿದ್ರೆ ಇದಾಗ್ತಿರ್ಲಿಲ್ಲ. ನೀವು ಕೆಲಸಕ್ಕೆ ಹೋಗ್ತೀರ, ನಿಮ್ಮ ಹೆಸರಲ್ಲಿ ಫ್ಲ್ಯಾಟೋ ಎಫ್‌ಡಿಯೋ ಇದೆ ಅಂದ್ರೆ ವಯಸ್ಸು ಮೂವತ್ತಾದ್ರೂ ಸರಿ, ಬರೆದಿಡಿ.

‘ನಾಮಿನಿ ಹಾಕ್ಸಿದೀನಲ್ಲ’ ಅಂತಾರೆ. ನಾಮಿನಿ ಅಂದ್ರೆ ಬ್ಯಾಂಕಿಂದ ದುಡ್ಡು ಈಸ್ಕೊಳ್ಳೋಕೆ ಅಧಿಕಾರ ಇರೋರು ಅಷ್ಟೇ, ದುಡ್ಡಿನ ಒಡೆಯರು ಅಂತಲ್ಲ. ಇನ್ಶೂರೆನ್ಸ್ ವಿಷಯದಲ್ಲಿ 1984ರಲ್ಲೂ, ಶೇರು ಮ್ಯೂಚುವಲ್ ಫಂಡ್ ವಿಷಯದಲ್ಲಿ 2023ರ ಡಿಸೆಂಬರ್‌ನಲ್ಲೂ ಸುಪ್ರೀಂ ಕೋರ್ಟ್ ಇದನ್ನೇ ಹೇಳಿದೆ. ಇನ್ಶೂರೆನ್ಸಲ್ಲಿ ಮಾತ್ರ 2015ರ ತಿದ್ದುಪಡಿ ಆದ್ಮೇಲೆ ಅಪ್ಪ ಅಮ್ಮ, ಗಂಡ ಅಥವಾ ಹೆಂಡತಿ, ಮಕ್ಕಳು ನಾಮಿನಿ ಆಗಿದ್ರೆ ಸಾಮಾನ್ಯವಾಗಿ ದುಡ್ಡು ಅವರದ್ದೇ ಆಗತ್ತೆ. ತಮ್ಮ ನಾಮಿನಿ ಆಗಿದ್ದಾನೆ, ಆಮೇಲೆ ಮದುವೆ ಆಗಿ ಮಕ್ಕಳಾದ್ರೂ ಯಾರೂ ಬದಲಾಯಿಸ್ಲಿಲ್ಲ ಅಂತಿಟ್ಕೊಳ್ಳಿ, ಬ್ಯಾಂಕಿನವರು ದುಡ್ಡು ತಮ್ಮಂಗೆ ಕೊಡ್ತಾರೆ, ಆಮೇಲೆ ಹೆಂಡತಿ ಮಕ್ಕಳು ಅವನ ಹತ್ರ ಕೇಳ್ಬೇಕು. ವಿಲ್‌ನಲ್ಲಿ ಯಾರ ಹೆಸರು ಬರೀತೀರೋ ಆದಷ್ಟು ಅವರನ್ನೇ ನಾಮಿನಿನೂ ಮಾಡಿಬಿಡಿ, ಜಗಳಕ್ಕೆ ಆಸ್ಪದನೇ ಇರಲ್ಲ.

ಈಗ ಬರೆಯೋ ವಿಷಯಕ್ಕೆ ಬರೋಣ. ಮೊದಲು ಪೇಪರೆಲ್ಲ ಹರಡ್ಕೊಂಡು ಯಾವುದು ಸ್ವಯಾರ್ಜಿತ, ಯಾವುದು ಪಿತ್ರಾರ್ಜಿತ ಅಂತ ಎರಡು ಪಟ್ಟಿ ಮಾಡಿ. ಸ್ವಯಾರ್ಜಿತ ಆದ್ರೆ ಯಾರಿಗೆ ಬೇಕಾದ್ರೂ ಬರೀಬಹುದು. ಪಿತ್ರಾರ್ಜಿತ ಕುಟುಂಬದ ಆಸ್ತಿ ಆದ್ರೆ ನಿಮ್ಮ ಪಾಲಿಗೆ ಬರೋದಷ್ಟನ್ನೇ ಬರೀಬಹುದು, ಇಡೀ ಜಮೀನು ನಂದೇ ಅಂತ ಗಂಡು ಮಕ್ಕಳಿಗೆ ಬರೆದ್ರೆ ಅದು ನಿಲ್ಲಲ್ಲ, ಯಾಕಂದ್ರೆ 2005ರ ತಿದ್ದುಪಡಿ ಆದ್ಮೇಲೆ ಮಗಳಿಗೂ ಹುಟ್ಟಿನಿಂದ್ಲೇ ಮಗನಷ್ಟೇ ಹಕ್ಕು, ತಿದ್ದುಪಡಿ ಜಾರಿಗೆ ಬಂದ ದಿನ ಅಪ್ಪ ಬದುಕಿರ್ಬೇಕು ಅಂತೇನಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಬಿಡಿಸಿ ಹೇಳಿದೆ. ಗೇಣಿದಾರಿಕೆಯಲ್ಲಿ ಬಂದ ಜಮೀನು, ಸರ್ಕಾರದಿಂದ ಮಂಜೂರಾದ ಜಮೀನು ಇದ್ರೆ ಅದಕ್ಕೆ ಬೇರೆ ಷರತ್ತುಗಳಿರ್ತವೆ, ವಕೀಲರಿಗೆ ಆ ಆರ್ಡರ್ ಕಾಪಿ ತೋರಿಸದೇ ಬರೀಬೇಡಿ. ಮುಸ್ಲಿಮರಿಗೆ ಸಾಮಾನ್ಯವಾಗಿ ಮೂರನೇ ಒಂದು ಭಾಗದಷ್ಟೇ ವಿಲ್ ಮೂಲಕ ಕೊಡೋಕಾಗೋದು, ಅದನ್ನೂ ವಾರಸುದಾರರಲ್ಲೇ ಒಬ್ಬರಿಗೆ ಬರೆದ್ರೆ ಉಳಿದವರ ಒಪ್ಪಿಗೆ ಬೇಕು. ಕ್ರಿಶ್ಚಿಯನ್ನರು ಮದುವೆಗೆ ಮುಂಚೆ ಬರೆದ ವಿಲ್ ಮದುವೆ ಆದ ತಕ್ಷಣ ರದ್ದಾಗತ್ತೆ, ಮತ್ತೆ ಬರೀಬೇಕು.

ಸ್ಟ್ಯಾಂಪ್ ಪೇಪರ್ ಬೇಡ. ಬಿಳಿ ಹಾಳೆ ಸಾಕು, ಕೈಯಲ್ಲಿ ಬರೆದ್ರೂ ಆಯ್ತು ಟೈಪ್ ಮಾಡ್ಸಿದ್ರೂ ಆಯ್ತು, ಕನ್ನಡದಲ್ಲೇ ಬರೀರಿ, ಬರೆಯೋರಿಗೆ ಓದೋಕೆ ಬರದ ಭಾಷೆಯಲ್ಲಿ ವಿಲ್ ಇದ್ರೆ ‘ಅಪ್ಪಂಗೆ ಇಂಗ್ಲಿಷೇ ಬರ್ತಿರ್ಲಿಲ್ಲ’ ಅಂತ ಮುಂದೆ ತಕರಾರು ಎದ್ದೇ ಏಳತ್ತೆ. ಮಾತು ಹೀಗಿದ್ರೆ ಸಾಕು:

‘ನಾನು (ಹೆಸರು, ತಂದೆ ಹೆಸರು, ವಯಸ್ಸು, ವಿಳಾಸ) ಸ್ವಸ್ಥ ಬುದ್ಧಿಯಿಂದ, ಯಾರ ಒತ್ತಾಯವೂ ಇಲ್ಲದೆ ಬರೆದ ಮರಣಶಾಸನ. ಇದಕ್ಕೆ ಮುಂಚೆ ಬರೆದ ವಿಲ್‌ಗಳಿದ್ದರೆ ಎಲ್ಲವನ್ನೂ ರದ್ದು ಮಾಡಿದ್ದೇನೆ. ನನ್ನ ಸ್ವಯಾರ್ಜಿತವಾದ ‘ಎ’ ಷೆಡ್ಯೂಲ್ ಮನೆಯು ನನ್ನ ಕಾಲಾನಂತರ ನನ್ನ ಹೆಂಡತಿಗೆ ಪೂರ್ಣ ಮಾಲೀಕತ್ವದಿಂದ ಸೇರತಕ್ಕದ್ದು. ಆಕೆ ನನಗಿಂತ ಮುಂಚೆ ತೀರಿಕೊಂಡಿದ್ದಲ್ಲಿ ನನ್ನ ಮಗ ಮತ್ತು ಮಗಳಿಗೆ ಸಮವಾಗಿ ಸೇರತಕ್ಕದ್ದು. ಇಲ್ಲಿ ಹೇಳದೆ ಉಳಿದ ನನ್ನ ಚರ ಸ್ಥಿರ ಆಸ್ತಿ ಏನಿದ್ದರೂ ನನ್ನ ಹೆಂಡತಿಗೆ ಸೇರತಕ್ಕದ್ದು.’

ಇದರಲ್ಲಿ ‘ಪೂರ್ಣ ಮಾಲೀಕತ್ವ’ ಅನ್ನೋದನ್ನ ಗಮನಿಸಿ. ತುಂಬಾ ವಿಲ್‌ಗಳಲ್ಲಿ ‘ಹೆಂಡತಿ ಅನುಭವಿಸಿಕೊಂಡು ಹೋಗತಕ್ಕದ್ದು, ಆಮೇಲೆ ಮಕ್ಕಳು’ ಅಂತ ಅಸ್ಪಷ್ಟವಾಗಿ ಬರ್ದಿರ್ತಾರೆ, ಆಕೆಗೆ ಮಾರೋ ಹಕ್ಕಿದೆಯಾ ಇಲ್ವಾ ಅಂತ ಕೇಸು ಹತ್ತಾರು ವರ್ಷ ಎಳೀತದೆ. ಬದುಕಿರೋವರೆಗೆ ಮಾತ್ರ ಅನ್ನೋದಾದ್ರೆ ‘ಜೀವಿತಾವಧಿ ಹಕ್ಕು ಮಾತ್ರ, ಪರಭಾರೆ ಮಾಡುವ ಹಕ್ಕಿಲ್ಲ’ ಅಂತ ಬಿಡಿಸಿ ಬರೀರಿ, ಪೂರ್ತಿ ಕೊಡೋದಾದ್ರೆ ಪೂರ್ತಿ ಅಂತ ಬರೀರಿ. ನನ್ನ ಕೇಳಿದ್ರೆ ಹೆಂಡತಿಗೆ ಪೂರ್ತಿನೇ ಬರೀರಿ ಅಂತೀನಿ, ವಯಸ್ಸಾದ ಕಾಲದಲ್ಲಿ ಆಸ್ಪತ್ರೆ ಖರ್ಚಿಗೆ ಮನೆ ಮಾರೋ ಸ್ವಾತಂತ್ರ್ಯ ಆಕೆಗಿರ್ಲಿ. ‘ಉಳಿದ ಆಸ್ತಿ’ ಅನ್ನೋ ಸಾಲೂ ಬಿಡಬೇಡಿ, ವಿಲ್ ಬರೆದ ಮೇಲೆ ತಗೊಂಡ ಸೈಟು, ನೆನಪೇ ಇಲ್ದಿರೋ ಹಳೇ ಎಫ್‌ಡಿ ಎಲ್ಲಾ ಆ ಸಾಲಿನ ಕೆಳಗೆ ಬರತ್ತೆ. ಷೆಡ್ಯೂಲ್ ಅಂದ್ರೆ ಸೈಟ್ ನಂಬರ್, ಖಾತಾ ನಂಬರ್ ಅಥವಾ ಸರ್ವೆ ನಂಬರ್, ಅಳತೆ, ನಾಲ್ಕೂ ದಿಕ್ಕಿನ ಚೆಕ್ಕುಬಂದಿ, ನಿಮ್ಮ ಕ್ರಯಪತ್ರದಲ್ಲಿ ಇರೋ ಹಾಗೇ ಇಳಿಸ್ಕೊಳ್ಳಿ. ಕಾರ್ಯ ನೆರವೇರಿಸೋಕೆ ಒಬ್ಬ ಎಕ್ಸಿಕ್ಯೂಟರ್ ಹೆಸರು ಹಾಕಿ. ಚಿಕ್ಕ ಮಕ್ಕಳಿದ್ರೆ ಗಂಡ ಹೆಂಡತಿ ಇಬ್ರೂ ಇಲ್ದೇ ಹೋದ್ರೆ ಗಾರ್ಡಿಯನ್ ಯಾರು ಅಂತನೂ ಬರೀರಿ.

ಇನ್ನು ಸಾಕ್ಷಿ. ತುಂಬಾ ವಿಲ್‌ಗಳು ಬೀಳೋದು ಇಲ್ಲೇ, ಹಾಗಾಗಿ ನಿಧಾನವಾಗಿ ಓದಿ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 63ನೇ ಸೆಕ್ಷನ್ ಪ್ರಕಾರ ನೀವು ಸಹಿ ಹಾಕ್ಬೇಕು (ಇಲ್ಲಾ ಹೆಬ್ಬೆಟ್ಟು), ಕಮ್ಮಿ ಅಂದ್ರೆ ಇಬ್ರು ಸಾಕ್ಷಿಗಳು ನೀವು ಸಹಿ ಹಾಕೋದನ್ನ ನೋಡಿರ್ಬೇಕು, ಇಲ್ಲಾಂದ್ರೆ ‘ಇದು ನನ್ನದೇ ಸಹಿ’ ಅಂತ ನಿಮ್ಮ ಬಾಯಿಂದ ಕೇಳಿರ್ಬೇಕು, ಆಮೇಲೆ ಅವರು ನಿಮ್ಮ ಕಣ್ಣೆದುರಿಗೇ ಸಹಿ ಹಾಕ್ಬೇಕು. ಪೇಪರ್ ಮನೆಗೆ ಕಳಿಸಿ ಸಹಿ ಹಾಕಿಸ್ಕೊಂಡು ಬಾ ಅಂದ್ರೆ ಆಗಲ್ಲ. ವಿಲ್ ಬರೆದುಕೊಟ್ಟ ಪತ್ರಬರಹಗಾರರು ಕೆಳಗೆ ಬಿಕ್ಕಲಂ ಅಂತ ಹಾಕೋ ಸಹಿಯನ್ನ ಸಾಕ್ಷಿ ಲೆಕ್ಕಕ್ಕೆ ಹಿಡೀಬೇಡಿ, ಇಬ್ರು ಸಾಕ್ಷಿ ಬೇರೆನೇ ಇರ್ಲಿ. ಒಳಗೆ ಏನು ಬರ್ದಿದೆ ಅಂತ ಸಾಕ್ಷಿಗಳಿಗೆ ಗೊತ್ತಿರ್ಲೇಬೇಕು ಅಂತಿಲ್ಲ, ಬೇಕಾದ್ರೆ ಮುಚ್ಚಿಟ್ಟು ಸಹಿ ಜಾಗ ಮಾತ್ರ ತೋರಿಸಿ.

ಸಾಕ್ಷಿ ಆರಿಸೋವಾಗ ಒಂದು ಯೋಚನೆ ಇರ್ಲಿ. ಮುಂದೆ ತಕರಾರು ಬಂದ್ರೆ ಬದುಕಿರೋ ಸಾಕ್ಷಿಗಳಲ್ಲಿ ಒಬ್ರಾದ್ರೂ ಕೋರ್ಟಿಗೆ ಬಂದು ಹೇಳ್ಬೇಕು. ನಿಮಗೆ ಎಪ್ಪತ್ತು ವರ್ಷ, ಸಾಕ್ಷಿಗೆ ಎಪ್ಪತ್ತೈದು ಅಂದ್ರೆ ಏನು ಪ್ರಯೋಜನ. ನಿಮಗಿಂತ ಚಿಕ್ಕವರು, ಅದೇ ಊರಲ್ಲಿ ನೆಲೆ ಇರೋರು, ಆಸ್ತಿಯಲ್ಲಿ ಏನೂ ಸಿಗದವರು ಆಗಿರ್ಲಿ. ನಿಮಗೆ ಟ್ರೀಟ್‌ಮೆಂಟ್ ಕೊಡೋ ಫ್ಯಾಮಿಲಿ ಡಾಕ್ಟರ್ ಒಪ್ಪಿದ್ರೆ ಅವರಿಗಿಂತ ಒಳ್ಳೆ ಸಾಕ್ಷಿ ಇಲ್ಲ, ಬುದ್ಧಿ ಸರಿಯಾಗಿತ್ತಾ ಅನ್ನೋ ಪ್ರಶ್ನೆಗೂ ಅವರೇ ಉತ್ತರ.

ರಿಜಿಸ್ಟರ್ ಮಾಡಿಸ್ಲೇಬೇಕಾ? ಕಾನೂನಲ್ಲಿ ಕಡ್ಡಾಯ ಇಲ್ಲ, ಆದ್ರೂ ಮಾಡ್ಸಿ ಅಂತಲೇ ನನ್ನ ಮಾತು. ವಿಲ್‌ಗೆ ಸ್ಟ್ಯಾಂಪ್ ಡ್ಯೂಟಿ ಇಲ್ಲ. ಆಧಾರ್, ಇಬ್ರು ಸಾಕ್ಷಿ ಕರ್ಕೊಂಡು ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಹೋದ್ರೆ ಫೋಟೋ, ಹೆಬ್ಬೆಟ್ಟು ತಗೋತಾರೆ. ಓಡಾಡೋಕಾಗದವರಿದ್ರೆ ಅರ್ಜಿ ಕೊಟ್ಟು ಸಬ್‌ರಿಜಿಸ್ಟ್ರಾರನ್ನೇ ಮನೆಗೆ ಕರೆಸೋ ಅವಕಾಶನೂ ಕಾಯ್ದೆಯಲ್ಲಿದೆ. ಮಕ್ಕಳಿಗೆ ಈಗ್ಲೇ ಗೊತ್ತಾಗತ್ತೆ ಅನ್ನೋ ಭಯ ಬೇಡ, ವಿಲ್ ದಾಖಲಾಗೋದು ಆ ಆಫೀಸಲ್ಲಿ ವಿಲ್‌ಗಳಿಗೇ ಅಂತ ಇರೋ 3ನೇ ಪುಸ್ತಕದಲ್ಲಿ, ನೀವು ಬದುಕಿರೋವರೆಗೆ ನಿಮಗೆ ಅಥವಾ ನಿಮ್ಮ ಏಜೆಂಟಿಗೆ ಬಿಟ್ಟು ಬೇರೆಯವರಿಗೆ ಕಾಪಿ ಕೊಡಲ್ಲ. ರಿಜಿಸ್ಟರ್ ಆದ ಮೇಲೂ ಎಷ್ಟು ಸಲ ಬೇಕಾದ್ರೂ ಬದಲಾಯಿಸಬಹುದು, ಕ್ರಮವಾಗಿ ಬರೆದ ಕೊನೇ ವಿಲ್ಲೇ ಊರ್ಜಿತ. ದಾನಪತ್ರಕ್ಕೂ ಇದಕ್ಕೂ ಇರೋ ವ್ಯತ್ಯಾಸ ಇದೇ, ದಾನಪತ್ರ ಮಾಡಿಕೊಟ್ಟ ದಿನವೇ ಆಸ್ತಿ ಕೈಬಿಟ್ಟುಹೋಗತ್ತೆ. ‘ಈಗ್ಲೇ ಹೆಸರಿಗೆ ಮಾಡ್ಕೊಡಿ ಅಪ್ಪಾ’ ಅಂತ ಮಕ್ಕಳು ಒತ್ತಾಯ ಮಾಡಿದ್ರೆ ವಿಲ್ ಬರೆದಿದೀನಿ ಅನ್ನಿ, ಇರೋವರೆಗೂ ಸೂರು ನಿಮ್ಮ ಹೆಸರಲ್ಲೇ ಇರ್ಲಿ.

ರಿಜಿಸ್ಟರ್ ಆಗಿದೆ ಅಂದ ಮಾತ್ರಕ್ಕೆ ವಿಲ್ ಪ್ರೂವ್ ಆದಂಗಲ್ಲ, ಇದು ತಿಳಿದಿರ್ಲಿ. ಮೈಸೂರು ಹೈಕೋರ್ಟಿಂದ ಸುಪ್ರೀಂ ಕೋರ್ಟಿಗೆ ಹೋದ ಒಂದು ವಿಲ್ ಕೇಸಿದೆ, ವಕೀಲರು ವೆಂಕಟಾಚಲ ಅಯ್ಯಂಗಾರ್ ಕೇಸು ಅಂತಾರೆ, 1959ರಲ್ಲಿ ವರದಿಯಾದ ತೀರ್ಪು, ಇವತ್ತಿಗೂ ವಿಲ್ ದಾವೆಗಳಲ್ಲಿ ಅದನ್ನ ಓದ್ತಾರೆ. ಅದರ ಸಾರ ಏನಂದ್ರೆ ವಿಲ್ ಬಗ್ಗೆ ಅನುಮಾನ ಹುಟ್ಟಿಸೋ ಸಂಗತಿ ಇದ್ರೆ ಅದನ್ನ ನಿವಾರಿಸೋ ಹೊಣೆ ವಿಲ್ ತೋರಿಸೋರ ಮೇಲೇ ಇರತ್ತೆ, ಆಸ್ತಿ ಪಡೆಯೋರೇ ಮುಂದೆ ನಿಂತು ಬರೆಸಿದ್ರೆ ಅದೂ ಅನುಮಾನಕ್ಕೆ ಕಾರಣ. ಹಾಗಾಗಿ ದೊಡ್ಡ ಮಗನಿಗೆ ಮನೆ ಬರೀತಿದ್ರೆ ಅವನೇ ವಕೀಲರನ್ನ ಗೊತ್ತು ಮಾಡಿ, ಅವನೇ ಕಾರಲ್ಲಿ ಕರ್ಕೊಂಡು ಹೋಗಿ, ಪಕ್ಕದಲ್ಲೇ ನಿಲ್ಲೋದು ಬೇಡ. ಐಸಿಯುನಲ್ಲಿ ಮಲಗಿದ್ದಾಗ ಬೆರಳಿಗೆ ಇಂಕ್ ಹಚ್ಚಿಸೋದಂತೂ ಬೇಡವೇ ಬೇಡ. ಯಾರಾದ್ರೂ ಮಗ ಮಗಳಿಗೆ ಏನೂ ಕೊಡದೇ ಬಿಡ್ತಿದ್ರೆ ಕಾರಣ ಒಂದು ಸಾಲು ಬರೀರಿ, ‘ಮಗಳಿಗೆ ಮದುವೆಯಲ್ಲೇ ಕೊಟ್ಟಿದೆ’ ಅನ್ನೋ ಹಳೇ ಮಾತಲ್ಲ, ನಿಜವಾದ ಕಾರಣ, ಗೌರವದ ಮಾತಲ್ಲಿ. ಹೆಸರೇ ಎತ್ತದೇ ಬಿಟ್ರೆ ಅಪ್ಪಂಗೆ ನೆನಪೇ ಇರ್ಲಿಲ್ಲ ಅಂತ ವಾದ ಬರತ್ತೆ, ಅದಕ್ಕಿಂತ ಹೆಚ್ಚಾಗಿ ಆ ಮಗುಗೆ ಜೀವನಪೂರ್ತಿ ನೋವಾಗತ್ತೆ.

ಸಾಕಿದ ಮಗ ಇದ್ದು ಕಾನೂನು ಪ್ರಕಾರ ದತ್ತು ಆಗಿಲ್ಲ ಅಂದ್ರೆ, ಗಂಡ ಸತ್ತ ಸೊಸೆಗೆ ಇಂತಿಷ್ಟು ಅಂತ ಕೊಡ್ಬೇಕು ಅನ್ಸಿದ್ರೆ, ಎರಡನೇ ಮದುವೆ ಆಗಿದ್ರೆ ನೀವು ಮುಂದೂಡೋ ಹಾಗೇ ಇಲ್ಲ. ಸಾಕು ಮಗನಿಗೆ ವಿಲ್ ಇಲ್ದಿದ್ರೆ ನಿಮ್ಮ ಆಸ್ತಿಯಲ್ಲಿ ಒಂದು ಪೈಸೆ ಬರಲ್ಲ, ಎಷ್ಟೇ ವರ್ಷ ನೋಡ್ಕೊಂಡಿರ್ಲಿ. ಇನ್ನು ಅಮೆರಿಕಾದಲ್ಲೋ ದುಬೈನಲ್ಲೋ ಇರೋ ಕನ್ನಡದವರು ಇಲ್ಲಿನ ಆಸ್ತಿಗೆ ಇಲ್ಲೇ ಬೇರೆ ವಿಲ್ ಮಾಡಿದ್ರೆ ಅನುಕೂಲ, ಆದ್ರೆ ‘ಹಿಂದಿನ ಎಲ್ಲಾ ವಿಲ್ ರದ್ದು’ ಅನ್ನೋ ಸಾಲನ್ನ ಹಾಗೇ ಕಾಪಿ ಮಾಡ್ಬೇಡಿ, ಅಲ್ಲಿನ ವಿಲ್ಲೂ ಹಾರಿಹೋಗಬಹುದು. ‘ಭಾರತದಲ್ಲಿರುವ ಆಸ್ತಿಗೆ ಸಂಬಂಧಿಸಿದ ಹಿಂದಿನ ವಿಲ್‌ಗಳು ಮಾತ್ರ’ ಅಂತ ಹಾಕಿ.

ಬರೆದಾದ ಮೇಲೆ ಒರಿಜಿನಲ್ ಎಲ್ಲಿದೆ ಅಂತ ಎಕ್ಸಿಕ್ಯೂಟರ್‌ಗಾದ್ರೂ ಹೇಳಿ. ನಿಮ್ಮೊಬ್ಬರ ಹೆಸರಲ್ಲೇ ಇರೋ ಬ್ಯಾಂಕ್ ಲಾಕರ್ ಒಳಗೆ ಇಡಬೇಡಿ, ಆ ಲಾಕರ್ ತೆಗೆಸೋಕೇ ಮನೆಯವರು ಮೊದಲು ಪೇಪರ್ ಓಡಾಟ ಮಾಡ್ಬೇಕಾಗತ್ತೆ. ಜಿಲ್ಲಾ ರಿಜಿಸ್ಟ್ರಾರ್ ಹತ್ರ ಸೀಲ್ ಮಾಡಿದ ಕವರಲ್ಲಿ ಠೇವಣಿ ಇಡೋ ಪದ್ಧತಿನೂ ಇದೆ. ಮನೇಲಿ ಮದುವೆ ಆಯ್ತು, ಮೊಮ್ಮಗು ಹುಟ್ತು, ವಿಲ್‌ನಲ್ಲಿ ಬರೆದ ಸೈಟು ಮಾರಿದ್ರಿ ಅಂದ್ರೆ ಒಂದ್ಸಲ ತೆಗೆದು ಓದಿ, ಮಾರಿದ ಸೈಟು ಯಾರ ಹೆಸರಿಗೆ ಬರ್ದಿತ್ತೋ ಅವರಿಗೆ ಅದರ ಬದಲು ಏನೂ ತಾನಾಗೇ ಬರಲ್ಲ. ಬದಲಾಯಿಸ್ಬೇಕು ಅನ್ಸಿದ್ರೆ ಹಳೇ ಹಾಳೆ ಮೇಲೇ ಪೆನ್ನಲ್ಲಿ ಹೊಡೆದು ಪಕ್ಕದಲ್ಲಿ ಬರೆಯೋಕೆ ಹೋಗ್ಬೇಡಿ, ಸಾಕ್ಷಿ ಇಲ್ದೇ ಮಾಡಿದ ಅಂಥ ತಿದ್ದುಪಡಿಗೆ ಬೆಲೆ ಇಲ್ಲ. ಹೊಸದಾಗಿ ಬರೀರಿ, ಮತ್ತೆ ಇಬ್ರು ಸಾಕ್ಷಿಗಳನ್ನ ಎದುರಿಗೆ ಕೂರಿಸ್ಕೊಂಡು ಸಹಿ ಹಾಕಿ.