ಡೋರಿಯನ್ ಮೋಡ್: ಕಿವಿಯಿಂದ ಅರಿಯುವ ಬಗೆ

ಪಾಶ್ಚಾತ್ಯ ಸಂಗೀತ ಕಲಿಯುವವರಿಗೆ ಮೋಡ್‌ಗಳ (ಒಂದೇ ಸ್ವರಗಳನ್ನು ಬೇರೆ ಬೇರೆ ಆಧಾರದಿಂದ ನುಡಿಸಿದಾಗ ಸಿಗುವ ಸ್ವರಶ್ರೇಣಿಗಳ) ಪಾಠದಲ್ಲಿ ಮೊದಲು ಸಿಗುವ ವಿವರಣೆ ಸಾಮಾನ್ಯವಾಗಿ ಹೀಗಿರುತ್ತದೆ: ಸಿ ಮೇಜರ್ ಸ್ಕೇಲಿನ, ಅಂದರೆ ಸಿಯಿಂದ ಆರಂಭವಾಗುವ ಬಿಳಿ ಕೀಗಳ ಶ್ರೇಣಿಯ, ಸ್ವರಗಳನ್ನೇ ಡಿಯಿಂದ ಡಿವರೆಗೆ ನುಡಿಸಿದರೆ ಅದು ಡೋರಿಯನ್. ಈ ಮಾತು ತಪ್ಪಲ್ಲ. ಆದರೆ ಇಷ್ಟನ್ನೇ ನಂಬಿ ನುಡಿಸಿದರೆ ಕಿವಿಗೆ ಸಿ ಮೇಜರೇ ಕೇಳಿಸುತ್ತಿರುತ್ತದೆ; ಏಕೆಂದರೆ ಯಾವ ಸ್ವರವನ್ನು ಆಧಾರವಾಗಿ ಹಿಡಿದು ಉಳಿದವನ್ನು ಅಳೆಯುತ್ತೇವೆಯೋ ಅದರಿಂದಲೇ ಮೋಡ್ ನಿರ್ಧಾರವಾಗುತ್ತದೆ.

ಆದ್ದರಿಂದ ಮೊದಲು ಶ್ರುತಿ ಹಿಡಿಯಬೇಕು. ಕೀಬೋರ್ಡಿನ ಕೆಳಸ್ಥಾಯಿಯಲ್ಲಿ ಡಿ ಮತ್ತು ಅದರ ಪಂಚಮವಾದ ಎ ಎರಡನ್ನೂ ಒತ್ತಿ ಹಿಡಿಯಿರಿ, ಅಥವಾ ಎಲೆಕ್ಟ್ರಾನಿಕ್ ತಂಬೂರಿಯನ್ನು ಡಿಗೆ ಹೊಂದಿಸಿಕೊಳ್ಳಿ. ತಂಬೂರಿಯ ನಾದದಲ್ಲಿ ಹಾಡಿ ಅಭ್ಯಾಸವಿರುವ ನಮ್ಮ ವಿದ್ಯಾರ್ಥಿಗಳಿಗೆ ಈ ಹಂತ ಬಹಳ ಸುಲಭ. ಆ ನಾದ ನಿಲ್ಲದಂತೆ ನೋಡಿಕೊಂಡು ಡಿ, ಇ, ಎಫ್, ಜಿ, ಎ, ಬಿ, ಸಿ, ಮೇಲಿನ ಡಿ ಎಂದು ಬಿಳಿ ಕೀಗಳನ್ನು ನಿಧಾನವಾಗಿ ನುಡಿಸುತ್ತ, ಪ್ರತಿ ಸ್ವರದಲ್ಲೂ ನಿಂತು, ಅದು ಆಧಾರದೊಂದಿಗೆ ಹೇಗೆ ಕೂಡುತ್ತದೆಂದು ಆಲಿಸಿ.

ಅನಂತರ ಅಂತರಗಳನ್ನು ಎಣಿಸಿ. ಅರ್ಧಸ್ವರದ ಅಂತರವನ್ನು 1 ಎಂದಿಟ್ಟುಕೊಂಡರೆ 2, 1, 2, 2, 2, 1, 2 ಎಂಬ ಸಾಲು ಸಿಗುತ್ತದೆ. ಹಿಂದಿನಿಂದ ಓದಿದರೂ ಅದೇ ಸಾಲು. ಮೇಜರ್ ಸ್ಕೇಲಿನಿಂದ ಹುಟ್ಟುವ ಏಳು ಮೋಡ್‌ಗಳಲ್ಲಿ ಈ ಗುಣವಿರುವುದು ಡೋರಿಯನ್‌ಗೆ ಮಾತ್ರ.

ಮುಂದಿನ ಹೆಜ್ಜೆಗೆ ಹೆಚ್ಚು ಸಮಯ ಕೊಡಿ. ಬಿ ಬದಲು ಅದರ ಎಡಕ್ಕಿರುವ ಕಪ್ಪು ಕೀ, ಅಂದರೆ ಬಿ ಫ್ಲ್ಯಾಟ್ ನುಡಿಸಿ. ಈಗ ಕೇಳುವುದು ಡಿ ನ್ಯಾಚುರಲ್ ಮೈನರ್, ಅಂದರೆ ಡಿ ಆಧಾರದ ಸಾಮಾನ್ಯ ಮೈನರ್ ಸ್ಕೇಲ್. ಮರಳಿ ಬಿ ನುಡಿಸಿದರೆ ಮೈನರಿನ ಛಾಯೆ ಉಳಿದೇ ಸ್ವಲ್ಪ ಬೆಳಕು ಬಂದಂತಾಗುತ್ತದೆ. ಡೋರಿಯನ್ನಿನ ಜೀವ ಈ ಆರನೆಯ ಸ್ವರದಲ್ಲಿದೆ. ಕರ್ನಾಟಕ ಸಂಗೀತದ ಲೆಕ್ಕದಲ್ಲಿ ಹೇಳುವುದಾದರೆ, ಡೋರಿಯನ್ನಿನ ಸ್ವರಸ್ಥಾನಗಳು 22ನೆಯ ಮೇಳವಾದ ಖರಹರಪ್ರಿಯದವು, ನ್ಯಾಚುರಲ್ ಮೈನರಿನವು 20ನೆಯ ಮೇಳವಾದ ನಟಭೈರವಿಯವು. ಮೊದಲನೆಯದರಲ್ಲಿ ಚತುಶ್ರುತಿ ಧೈವತ, ಎರಡನೆಯದರಲ್ಲಿ ಶುದ್ಧ ಧೈವತ, ಉಳಿದೆಲ್ಲ ಒಂದೇ. ಆದರೆ ಹೋಲಿಕೆ ಸ್ವರಸ್ಥಾನಗಳಿಗಷ್ಟೇ ಸೀಮಿತ. ಗಮಕಗಳೂ ರಾಗದ ವಿಶಿಷ್ಟ ಸಂಚಾರಗಳೂ ಇಲ್ಲದೆ ಕೀಗಳನ್ನು ನೇರವಾಗಿ ಒತ್ತಿದರೆ ಖರಹರಪ್ರಿಯ ರಾಗ ಮೂಡುವುದಿಲ್ಲ.

ಇದೇ ಬಿ ಸ್ವರ ಕಾರ್ಡ್‌ಗಳಲ್ಲೂ (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳಲ್ಲೂ) ಕೆಲಸ ಮಾಡುತ್ತದೆ. ಡಿ ಮೈನರ್ ಕಾರ್ಡಿನಿಂದ ಜಿ ಮೇಜರಿಗೆ ಹೋಗಿ ಮರಳಿ ಬನ್ನಿ. ಜಿ, ಬಿ, ಡಿ ಸೇರಿದ ಈ ಮೇಜರ್ ಕಾರ್ಡ್ ನ್ಯಾಚುರಲ್ ಮೈನರಿನಲ್ಲಿ ಸಿಗದು, ಅಲ್ಲಿ ಅದು ಜಿ ಮೈನರ್ ಆಗಿಬಿಡುತ್ತದೆ. ಮಧ್ಯಯುಗದ ಚರ್ಚಿನ ಗ್ರೆಗೋರಿಯನ್ ಗಾಯನದಲ್ಲಿ ಡಿಯಲ್ಲಿ ಮುಗಿಯುವ ಮೊದಲನೆಯ ಮೋಡ್ ಇದೇ ಆಗಿದ್ದರೂ, ಅಲ್ಲಿ ಬಿ ಇದ್ದ ಕಡೆ ಎಷ್ಟೋ ಸಲ ಬಿ ಫ್ಲ್ಯಾಟ್ ಹಾಡುತ್ತಿದ್ದರು ಎಂಬುದನ್ನು ಆ ಗಾಯನದ ಧ್ವನಿಮುದ್ರಣಗಳನ್ನು ಕೇಳುವವರು ನೆನಪಿಡಬೇಕು. ಹೀಗಾಗಿ ಆರಂಭದ ಆಲಿಕೆಗೆ ಅಮೆರಿಕದ ಜಾಝ್ ಕಲಾವಿದ ಮೈಲ್ಸ್ ಡೇವಿಸ್ 1959ರಲ್ಲಿ ಧ್ವನಿಮುದ್ರಿಸಿದ ‘ಸೋ ವಾಟ್’ ಹೆಚ್ಚು ಸೂಕ್ತವೆಂದು ನನ್ನ ಅಭಿಪ್ರಾಯ: ಅದರ 32 ಬಾರ್‌ಗಳ (ತಾಳದ ಸಮಾನ ವಿಭಾಗಗಳ) ಆವರ್ತದಲ್ಲಿ ಮೊದಲ 16 ಡಿ ಡೋರಿಯನ್, ನಂತರದ 8 ಅರ್ಧಸ್ವರ ಮೇಲಿನ ಇ ಫ್ಲ್ಯಾಟ್ ಡೋರಿಯನ್, ಕೊನೆಯ 8 ಮತ್ತೆ ಡಿ. ಆಧಾರ ಸರಿಯುವ ಆ ಗಳಿಗೆಯನ್ನು ಗುರುತಿಸುವುದೇ ಕಿವಿಗೆ ಒಳ್ಳೆಯ ಪರೀಕ್ಷೆ.

ಕೊನೆಯಲ್ಲಿ ಡಿಯನ್ನು ಬಿಟ್ಟು ಬೇರೆ ಆಧಾರಗಳಿಗೆ ಹೋಗಿ. ಎಯಿಂದ ಅದೇ ಅಂತರಗಳಲ್ಲಿ ಏರಿದರೆ ಎಫ್ ಜಾಗದಲ್ಲಿ ಎಫ್ ಶಾರ್ಪ್ ಬರುತ್ತದೆ. ಜಿಯಿಂದ ಏರಿದರೆ ಬಿ ಫ್ಲ್ಯಾಟ್ ಬೇಕಾಗುತ್ತದೆ, ಅಲ್ಲಿ ಆರನೆಯ ಸ್ವರ ಇ. ಪ್ರತಿ ಬಾರಿಯೂ ಶ್ರುತಿಯನ್ನು ಹೊಸ ಆಧಾರಕ್ಕೆ ಬದಲಿಸಿಕೊಂಡೇ ನುಡಿಸಿ.