ಪ್ರಬಂಧ ಓದುವಾಗ ಪಕ್ಕದಲ್ಲಿ ರೋಗಿ ಇರಲಿ

ನಾನು ಜನರಲ್ ಮೆಡಿಸಿನ್‌ನವಳು. ಹೊಸ ವೈದ್ಯಕೀಯ ಸಂಶೋಧನಾ ಪ್ರಬಂಧಗಳನ್ನು ಓದಿ ಚರ್ಚಿಸುವ ನಮ್ಮ ಜರ್ನಲ್ ಕ್ಲಬ್ಬಿಗೆ ಹೃದ್ರೋಗ, ಮೂಳೆ, ಕಣ್ಣು, ಕ್ಯಾನ್ಸರ್ ಹೀಗೆ ಎಲ್ಲ ವಿಭಾಗದವರೂ ಬರುತ್ತಾರೆ. ಹೊಸ ರೆಸಿಡೆಂಟ್‌ಗಳು ಪ್ರಬಂಧ ಕೈಗೆ ಬಂದ ಕೂಡಲೇ ಪಿ ವ್ಯಾಲ್ಯೂ (ಔಷಧಿಯಿಂದ ನಿಜವಾಗಿ ವ್ಯತ್ಯಾಸವೇ ಇಲ್ಲದಿದ್ದರೂ ಬರೀ ಆಕಸ್ಮಿಕವಾಗಿ ಇಷ್ಟು ಅಂತರ ಕಾಣುವ ಸಂಭವ) ಹುಡುಕುತ್ತಾರೆ. ಅದು 0.05ಕ್ಕಿಂತ ಕೆಳಗಿದ್ದರೆ ಮುಖ ಅರಳುತ್ತದೆ. "ಸರಿ, ಹಾಗಾದರೆ ವಾರ್ಡಿನಲ್ಲಿರುವ ಆ ಅಜ್ಜಿಗೆ ಇದನ್ನು ಶುರು ಮಾಡೋಣವಾ?" ಎಂದು ಕೇಳಿ ನೋಡಿ, ಎಲ್ಲರೂ ಪ್ರಬಂಧದ ಪುಟ ತಿರುವಲು ಶುರು ಮಾಡುತ್ತಾರೆ. ಆ ಪ್ರಶ್ನೆಗೆ ಉತ್ತರ ಸಿಗುವ ಹಾಗೆ ಓದುವುದು ಹೇಗೆ ಎಂದು ನಾನು ಹೇಳಿಕೊಡುವ ಕ್ರಮ ಇದು. ವಿಭಾಗ ಬದಲಾದರೆ ಅಳತೆಗೋಲು ಬದಲಾಗುತ್ತದೆ, ಓದುವ ಕ್ರಮ ಬದಲಾಗುವುದಿಲ್ಲ.

ಮೊದಲು ಒಂದು ಚೀಟಿ

ಪ್ರಬಂಧ ತೆರೆಯುವ ಮೊದಲೇ ರೋಗಿಯ ಬಗ್ಗೆ ಒಂದು ಸಾಲು ಬರೆದಿಟ್ಟುಕೊಳ್ಳಿ. "72 ವರ್ಷದ ಹೆಂಗಸು, ಮೇಲಿನ ಬಿಪಿ 150, ಸಕ್ಕರೆ ಕಾಯಿಲೆ ಇದೆ, ಎದ್ದು ನಿಂತಾಗ ತಲೆ ಸುತ್ತು, ಬಿದ್ದು ಸೊಂಟ ಮುರಿದುಕೊಳ್ಳುವ ಭಯ." ಇಷ್ಟು ಸಾಕು. ಕೊನೆಯ ಆ ಭಯವನ್ನು ಮಾತ್ರ ಬಿಡಬೇಡಿ. ರೆಸಿಡೆಂಟ್‌ಗಳು ಬರೆಯುವ ಚೀಟಿಯಲ್ಲಿ ಕಿಡ್ನಿ ಪರೀಕ್ಷೆಯ ಕ್ರಿಯಾಟಿನಿನ್ ಇರುತ್ತದೆ, ಆಕೆಗೆ ಏನು ಬೇಕು ಎಂಬುದು ಇರುವುದಿಲ್ಲ.

ಆಮೇಲೆ ಸಾರಾಂಶದ ಕೊನೆಯ ಎರಡು ಸಾಲನ್ನು ಹೆಬ್ಬೆರಳಿನಿಂದ ಮುಚ್ಚಿ. ತಮಾಷೆಗೆ ಹೇಳುತ್ತಿಲ್ಲ. ಲೇಖಕರ ತೀರ್ಮಾನ ಒಮ್ಮೆ ತಲೆಗೆ ಹೊಕ್ಕರೆ ಮುಂದಿನ ಪುಟಗಳೆಲ್ಲ ಅದಕ್ಕೆ ಸಾಕ್ಷಿ ಹೇಳುವಂತೆಯೇ ಕಾಣುತ್ತವೆ. ನೇರವಾಗಿ ವಿಧಾನದ ಭಾಗಕ್ಕೆ ಹೋಗಿ.

ಯಾರನ್ನು ಸೇರಿಸಿಕೊಂಡರು, ಯಾರನ್ನು ಹೊರಗಿಟ್ಟರು

ನಮ್ಮ ಚೀಟಿಯ ಹೆಂಗಸಿಗೆ 2015ರ ಸ್ಪ್ರಿಂಟ್ ಅಧ್ಯಯನ ಹಿಡಿದು ನೋಡೋಣ. 9361 ಮಂದಿಯಲ್ಲಿ ಒಂದು ಗುಂಪಿಗೆ ಮೇಲಿನ ಬಿಪಿ 120ಕ್ಕಿಂತ ಕೆಳಗಿರಬೇಕೆಂಬ ಗುರಿ, ಇನ್ನೊಂದಕ್ಕೆ 140. ಹೃದಯಾಘಾತ, ಪಾರ್ಶ್ವವಾಯು ಮುಂತಾದವು ಸೇರಿದ ಮುಖ್ಯ ಫಲಿತಾಂಶ ಮೊದಲ ಗುಂಪಿನಲ್ಲಿ ವರ್ಷಕ್ಕೆ ಶೇ 1.65, ಎರಡನೆಯದರಲ್ಲಿ ಶೇ 2.19. ಒಳ್ಳೆಯ ಫಲಿತಾಂಶವೇ, ಅನುಮಾನವಿಲ್ಲ. ಆದರೆ ಹೊರಗಿಟ್ಟವರ ಪಟ್ಟಿ ಓದಿ: ಸಕ್ಕರೆ ಕಾಯಿಲೆ ಇರುವವರು ಇಲ್ಲ. ಮೊದಲೇ ಪಾರ್ಶ್ವವಾಯು ಆದವರು ಇಲ್ಲ. ಎದ್ದು ನಿಂತ ಒಂದು ನಿಮಿಷಕ್ಕೆ ಬಿಪಿ 110ಕ್ಕಿಂತ ಕೆಳಗಿಳಿಯುವವರೂ ಇಲ್ಲ. ನಮ್ಮ ಹೆಂಗಸು ಮೊದಲ ಬಾಗಿಲಲ್ಲೇ ನಿಂತಳು.

ಇನ್ನೊಂದು ಸಂಗತಿ ಸಣ್ಣ ಅಕ್ಷರದಲ್ಲಿದೆ. ಅಲ್ಲಿ ಬಿಪಿ ನೋಡಿದ್ದು ರೋಗಿಯನ್ನು ಐದು ನಿಮಿಷ ಸುಮ್ಮನೆ ಕೂರಿಸಿ, ಯಂತ್ರವೇ ಮೂರು ಸಲ ಅಳೆದು ಕೊಟ್ಟ ಸರಾಸರಿ. ಓಪಿಡಿಯಲ್ಲಿ ಮೆಟ್ಟಿಲು ಹತ್ತಿ ಬಂದವಳನ್ನು ಮಾತಾಡಿಸುತ್ತಲೇ ಪಟ್ಟಿ ಸುತ್ತಿ ತೆಗೆದ 150ಕ್ಕೂ ಆ ಸರಾಸರಿಗೂ ತಾಳೆ ಹಾಕಲಾಗದು. ಅಧ್ಯಯನದ ಗುರಿಯನ್ನು ಮಾತ್ರ ಎತ್ತಿಕೊಂಡು ಅಳೆಯುವ ವಿಧಾನವನ್ನು ಅಲ್ಲೇ ಬಿಟ್ಟು ಬಂದರೆ ಮಾತ್ರೆ ಹೆಚ್ಚಾಗುತ್ತದೆ, ತಲೆಸುತ್ತೂ ಹೆಚ್ಚಾಗುತ್ತದೆ.

ಹಾಗೆಂದು ಪ್ರಬಂಧವನ್ನು ಮಡಚಿಡಬೇಕಿಲ್ಲ, ಆಕೆಯಂಥವರನ್ನು ಸೇರಿಸಿಕೊಂಡ ಅಧ್ಯಯನ ಹುಡುಕಬೇಕು. ಸಕ್ಕರೆ ಕಾಯಿಲೆಯವರಲ್ಲಿ ಇವೇ ಎರಡು ಗುರಿಗಳನ್ನು ಹೋಲಿಸಿದ ಅಕಾರ್ಡ್ ಬಿಪಿ ಅಧ್ಯಯನ 2010ರಲ್ಲಿ ಬಂತು. 4733 ಮಂದಿ. ಮುಖ್ಯ ಫಲಿತಾಂಶದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ, ಪಾರ್ಶ್ವವಾಯು ಮಾತ್ರ ಕಡಿಮೆಯಾಯಿತು. 2024ರಲ್ಲಿ ಚೀನಾದಿಂದ ಬಂದ ಬಿಪ್ರೋಡ್ 12,821 ಮಂದಿಯಲ್ಲಿ ಲಾಭ ತೋರಿಸಿತು, ಜೊತೆಗೆ ಬಿಪಿ ತೀರಾ ಇಳಿದು ತೊಂದರೆಯಾದವರೂ ಹೆಚ್ಚು. ಈಗ ನಿಮ್ಮ ಮುಂದೆ ಇರುವುದು ಮೂರು ಪ್ರಬಂಧ ಮತ್ತು ಬೀಳುವ ಭಯ ಇರುವ ಒಬ್ಬ ಹೆಂಗಸು. ನಾನಾದರೆ ಮೊದಲು ಆಕೆಯನ್ನು ನಿಲ್ಲಿಸಿ ಬಿಪಿ ನೋಡುತ್ತೇನೆ.

ಏನನ್ನು ಅಳೆದರು

ಹೆಚ್ಚು ಹೊತ್ತು ಕೊಡಬೇಕಾದ್ದು ಇದಕ್ಕೆ. ಅಧ್ಯಯನ ಅಳೆದದ್ದು ರೋಗಿಯ ಅನುಭವಕ್ಕೆ ಬರುವ ಸಂಗತಿಯೋ, ಅಥವಾ ಅದರ ಬದಲಿಗೆ ನಿಂತ ಒಂದು ಸಂಖ್ಯೆಯೋ?

ಹೃದಯಾಘಾತದ ನಂತರ ಕೆಲವರ ಇಸಿಜಿಯಲ್ಲಿ ತಾಳ ತಪ್ಪಿದ ಬಡಿತಗಳು ಕಾಣುತ್ತವೆ. ಅಂಥವರು ಹಠಾತ್ತನೆ ಸಾಯುವ ಸಂಭವ ಹೆಚ್ಚು. ಆದ್ದರಿಂದ ಬಡಿತ ಸರಿ ಮಾಡುವ ಔಷಧಿ ಕೊಟ್ಟರೆ ಸಾವು ತಪ್ಪೀತು ಎಂದು ಎಷ್ಟೋ ವೈದ್ಯರು ಕೊಡುತ್ತಿದ್ದರು. ತರ್ಕದಲ್ಲಿ ಎಲ್ಲೂ ಬಿರುಕಿಲ್ಲ. ಇದನ್ನು ಪರೀಕ್ಷೆಗಿಟ್ಟದ್ದು ಕಾಸ್ಟ್ ಅಧ್ಯಯನ. ಎನ್‌ಕೈನೈಡ್, ಫ್ಲೆಕೈನೈಡ್ ಎಂಬ ಆ ಔಷಧಿಗಳ ಗುಂಪಿನ 755 ಮಂದಿಯಲ್ಲಿ 63 ಸಾವು, ಪ್ಲಸೀಬೊ (ಔಷಧಿಯೇ ಇಲ್ಲದ ತೋರಿಕೆಯ ಮಾತ್ರೆ) ಪಡೆದ 743ರಲ್ಲಿ 26. ಅಧ್ಯಯನದ ಆ ಭಾಗವನ್ನು 1989ರಲ್ಲಿ ನಡುವೆಯೇ ನಿಲ್ಲಿಸಿದರು. ನನ್ನ ಹುಡುಗರಿಗೆ ನಾನು ಬೆರಳಿಟ್ಟು ತೋರಿಸುವ ಸಾಲು ಬೇರೆ: ಯಾರಿಗೆ ಔಷಧಿ, ಯಾರಿಗೆ ಪ್ಲಸೀಬೊ ಎಂದು ಚೀಟಿ ಎತ್ತಿದಂತೆ ಹಂಚುವ ಮೊದಲೇ ಪ್ರತಿಯೊಬ್ಬರಿಗೂ ಔಷಧಿ ಕೊಟ್ಟು ನೋಡಿ, ಯಾರಲ್ಲಿ ತಪ್ಪು ಬಡಿತ ನಿಂತಿತೋ ಅವರನ್ನೇ ಅಧ್ಯಯನಕ್ಕೆ ತೆಗೆದುಕೊಂಡಿದ್ದರು. ಅಂದರೆ ಇಸಿಜಿಯ ಮಟ್ಟಿಗೆ ಔಷಧಿ "ಕೆಲಸ ಮಾಡಿದ" ಜನರಲ್ಲೇ ಸಾವು ಎರಡು ಪಟ್ಟಿಗಿಂತ ಹೆಚ್ಚಾಯಿತು.

ಪ್ರತಿ ವಿಭಾಗಕ್ಕೂ ಇಂಥ ಬದಲಿ ಸಂಖ್ಯೆಗಳಿವೆ. ಕ್ಯಾನ್ಸರ್‌ನವರಲ್ಲಿ ಗೆಡ್ಡೆ ಬೆಳೆಯದೆ ನಿಂತ ಅವಧಿ. ಹರಡಿದ ಸ್ತನ ಕ್ಯಾನ್ಸರಿಗೆ ಪ್ಯಾಕ್ಲಿಟ್ಯಾಕ್ಸೆಲ್ ಜೊತೆ ಬೆವಸಿಜುಮ್ಯಾಬ್ ಎಂಬ ಔಷಧಿ ಸೇರಿಸಿದಾಗ ಆ ಅವಧಿ 5.9 ತಿಂಗಳಿನಿಂದ 11.8ಕ್ಕೆ ಏರಿತು, ಆಯುಸ್ಸು ಮಾತ್ರ ಗಣನೀಯವಾಗಿ ಹೆಚ್ಚಲಿಲ್ಲ. ಸ್ತನ ಕ್ಯಾನ್ಸರಿಗೆ ಅದನ್ನು ಬಳಸಲು ಅಮೆರಿಕದಲ್ಲಿ 2008ರಲ್ಲಿ ಕೊಟ್ಟ ಅನುಮತಿಯನ್ನು 2011ರಲ್ಲಿ ಹಿಂತೆಗೆದುಕೊಂಡರು. ಮೂಳೆಯವರಲ್ಲಿ ಸಾಂದ್ರತೆ: ಫ್ಲೋರೈಡ್ ಕೊಟ್ಟಾಗ ಬೆನ್ನುಮೂಳೆಯ ಸಾಂದ್ರತೆ ಚೆನ್ನಾಗಿ ಏರಿತು, ಬೆನ್ನಿನಾಚೆಯ ಮೂಳೆಗಳು ಹೆಚ್ಚು ಮುರಿದವು.

ನರರೋಗದಲ್ಲಿ ತೊಡಕು ಇನ್ನೊಂದು ಬಗೆಯದು. ಅಳತೆಗೋಲು ರೋಗಿಯ ಬದುಕಿನದ್ದೇ, ಆದರೆ ಆ ಅಂತರ ಮನೆಯವರ ಕಣ್ಣಿಗೆ ಕಾಣುವಷ್ಟಿದೆಯೇ? ಅಲ್ಜೈಮರ್ ಕಾಯಿಲೆಯ ಲೆಕಾನೆಮ್ಯಾಬ್ ಅಧ್ಯಯನದಲ್ಲಿ 18 ಅಂಕಗಳ ಮಾಪನದಲ್ಲಿ, 18 ತಿಂಗಳ ನಂತರ ಎರಡು ಗುಂಪುಗಳ ನಡುವೆ ಉಳಿದ ವ್ಯತ್ಯಾಸ 0.45 ಅಂಕ. ಪಿ ವ್ಯಾಲ್ಯೂ ನೋಡಿದರೆ ಗೆಲುವು. ಅದಕ್ಕಾಗಿ ಎರಡು ವಾರಕ್ಕೊಮ್ಮೆ ಡ್ರಿಪ್, ನಡುನಡುವೆ ಎಂಆರ್‌ಐ, ಶೇ 12.6 ಮಂದಿಯ ಸ್ಕ್ಯಾನಿನಲ್ಲಿ ಮಿದುಳಿನ ಊತ (ಪ್ಲಸೀಬೊದಲ್ಲಿ ಶೇ 1.7). ಕರೆದುಕೊಂಡು ಬರಬೇಕಾದ ಮಗಳನ್ನು ಕೂರಿಸಿಕೊಂಡು ಈ ಎರಡೂ ಬದಿಯನ್ನು ಹೇಳಬೇಕು. ಕೆಲವರು ಬೇಕು ಎನ್ನುತ್ತಾರೆ, ಅದು ಅವರ ಹಕ್ಕು.

ಕಣ್ಣಿನವರ ಪ್ರಬಂಧದಲ್ಲಿ "5 ಅಕ್ಷರ ಸುಧಾರಣೆ" ಎಂದಿದ್ದರೆ ಅದು ತಪಾಸಣೆಯ ಚಾರ್ಟಿನ ಒಂದು ಸಾಲು. ಚರ್ಮದವರ "ಪಾಸಿ 75" ಎಂದರೆ ಸೋರಿಯಾಸಿಸ್ ಅಂಕ ಮುಕ್ಕಾಲು ಪಾಲು ಇಳಿದಿದೆ ಎಂದು. ಉಳಿದ ಕಾಲು ಭಾಗ ಮುಖದ ಮೇಲೆಯೇ ಇದ್ದರೆ ರೋಗಿಗೆ ಆ ಮುಕ್ಕಾಲಿನ ಸಂತೋಷ ಅಷ್ಟಕ್ಕಷ್ಟೇ. ಪರಿಚಯವಿಲ್ಲದ ವಿಭಾಗದ ಪ್ರಬಂಧವಾದರೆ ಮಾಪನದ ಹೆಸರು ಹಿಡಿದು ಆ ವಿಭಾಗದವರನ್ನೇ ಕೇಳಿ: "ಇದರಲ್ಲಿ ಎಷ್ಟು ಅಂಕ ಬದಲಾದರೆ ರೋಗಿಗೆ ಗೊತ್ತಾಗುತ್ತದೆ?"

ಹೋಲಿಕೆ ಯಾವುದರ ಜೊತೆ

ಪ್ಲಸೀಬೊ ಜೊತೆಯೋ, ಈಗ ಕೊಡುತ್ತಿರುವ ಒಳ್ಳೆಯ ಚಿಕಿತ್ಸೆಯ ಜೊತೆಯೋ ಎಂದು ನೋಡಿ. ಶಸ್ತ್ರಚಿಕಿತ್ಸೆಯಲ್ಲಿ ಇದು ಇನ್ನೂ ಮುಖ್ಯ, ಏಕೆಂದರೆ ಗಾಯದ ಹೊಲಿಗೆಗೇ ನಂಬಿಕೆ ಹುಟ್ಟಿಸುವ ಶಕ್ತಿ ಇದೆ. ಮಂಡಿ ಸವೆತಕ್ಕೆ ಮಾಡುವ ಆರ್ಥ್ರೋಸ್ಕೊಪಿಯನ್ನು (ಸಣ್ಣ ತೂತಿನಿಂದ ಕ್ಯಾಮೆರಾ ಇಳಿಸಿ ಮಾಡುವ ಶಸ್ತ್ರಚಿಕಿತ್ಸೆ) 180 ಮಂದಿಯಲ್ಲಿ ಪರೀಕ್ಷಿಸಿದ 2002ರ ಅಧ್ಯಯನದಲ್ಲಿ ಒಂದು ಗುಂಪಿಗೆ ಚರ್ಮ ಮಾತ್ರ ಕೊಯ್ದು ಹೊಲಿದರು, ಒಳಗೆ ಏನೂ ಮಾಡಲಿಲ್ಲ. ಎರಡು ವರ್ಷದ ಕೊನೆಗೂ ನೋವಿನಲ್ಲಿ ಆ ಗುಂಪು ಉಳಿದವರಿಗಿಂತ ಹಿಂದೆ ಬೀಳಲಿಲ್ಲ. ಮೂಳೆ ವಿಭಾಗದ ಗೆಳೆಯರು ಈ ಪ್ರಬಂಧ ತೆಗೆದರೆ ಈಗಲೂ ಗುರ್ರೆನ್ನುತ್ತಾರೆ.

ಲೆಕ್ಕವನ್ನು ನೀವೇ ಮಾಡಿ

"ಸಾವಿನ ಅಪಾಯ ಶೇ 30 ಇಳಿಕೆ" ಎಂದು ಕಂಡರೆ ಪೆನ್ನು ತೆಗೆಯಿರಿ. 1994ರ 4ಎಸ್ ಅಧ್ಯಯನ: ಹೃದ್ರೋಗ ಇದ್ದ 4444 ಮಂದಿ, ಕೊಲೆಸ್ಟರಾಲ್ ಇಳಿಸುವ ಸಿಮ್ವಾಸ್ಟಾಟಿನ್ ಅಥವಾ ಪ್ಲಸೀಬೊ, ಸುಮಾರು ಐದೂವರೆ ವರ್ಷ. ಪ್ಲಸೀಬೊದಲ್ಲಿ 2223ಕ್ಕೆ 256 ಸಾವು, ಅಂದರೆ ನೂರಕ್ಕೆ ಹನ್ನೊಂದೂವರೆ. ಔಷಧಿಯಲ್ಲಿ 2221ಕ್ಕೆ 182, ನೂರಕ್ಕೆ ಎಂಟಕ್ಕಿಂತ ಚೂರು ಮೇಲೆ. ಕಳೆದರೆ 3.3. ನೂರನ್ನು 3.3ರಿಂದ ಭಾಗಿಸಿ: ಒಂದು ಸಾವು ತಪ್ಪಿಸಲು ಸುಮಾರು 30 ಮಂದಿ ಅಷ್ಟು ವರ್ಷ ಮಾತ್ರೆ ನುಂಗಬೇಕು. ಇದು ತುಂಬ ಒಳ್ಳೆಯ ಸಂಖ್ಯೆ. ಆದರೆ ಅದೇ "ಶೇ 30" ಅನ್ನು ಹೃದ್ರೋಗವೇ ಇಲ್ಲದ, ಸಾವಿನ ಸಂಭವ ನೂರಕ್ಕೆ ಒಂದಿರುವ ಗುಂಪಿಗೆ ಹಾಕಿ ನೋಡಿ. 30 ಇದ್ದದ್ದು 300 ದಾಟುತ್ತದೆ. ಶೇಕಡಾ ಇಳಿಕೆ ಪ್ರಬಂಧದಿಂದ ಬರಲಿ, ಮೂಲ ಅಪಾಯವನ್ನು ನಿಮ್ಮ ಎದುರಿಗಿರುವ ರೋಗಿಯಿಂದಲೇ ತೆಗೆದುಕೊಳ್ಳಿ.

ಅಡ್ಡಪರಿಣಾಮದ ಪಟ್ಟಿಯಲ್ಲಿ ಸೊನ್ನೆ ಕಂಡರೆ ಒಂದು ಸುಲಭ ಲೆಕ್ಕವಿದೆ: 3ನ್ನು ರೋಗಿಗಳ ಸಂಖ್ಯೆಯಿಂದ ಭಾಗಿಸಿ. 300 ಮಂದಿಯಲ್ಲಿ ಒಬ್ಬರಿಗೂ ಯಕೃತ್ತಿನ ತೊಂದರೆ ಬಂದಿಲ್ಲ ಎಂದರೆ, ನಿಜವಾದ ಪ್ರಮಾಣ ನೂರಕ್ಕೆ ಒಂದರವರೆಗೂ ಇರಬಹುದು. ಸಣ್ಣ ಅಧ್ಯಯನದ "ಸುರಕ್ಷಿತ" ಎಂಬ ಪದವನ್ನು ಈ ಭಾಗಾಕಾರ ಹಾಕಿ ಓದಿ.

ಉಪಗುಂಪಿನ ಆಸೆ

ಮುಖ್ಯ ಫಲಿತಾಂಶ ಸೋತ ಪ್ರಬಂಧಗಳಲ್ಲಿ "65 ದಾಟಿದ ಹೆಂಗಸರಲ್ಲಿ ಮಾತ್ರ ಲಾಭ" ಎಂಬಂಥ ಸಾಲು ಇಣುಕುತ್ತದೆ. ಅಂಥ ಸಾಲಿಗೆ ಮದ್ದು 1988ರ ಐಸಿಸ್-2. ಹೃದಯಾಘಾತದ ಶಂಕೆ ಇದ್ದ 17,187 ಮಂದಿಯಲ್ಲಿ ಆಸ್ಪಿರಿನ್ ಸಾವನ್ನು ಸ್ಪಷ್ಟವಾಗಿ ಇಳಿಸಿತು. ಉಪಗುಂಪುಗಳನ್ನು ನಂಬಿದರೆ ಏನಾಗುತ್ತದೆ ಎಂದು ತೋರಿಸಲು ಲೇಖಕರು ರೋಗಿಗಳನ್ನು ಹುಟ್ಟಿದ ರಾಶಿಯ ಪ್ರಕಾರವೂ ವಿಂಗಡಿಸಿದರು. ಮಿಥುನ ಮತ್ತು ತುಲಾದವರಿಗೆ ಆಸ್ಪಿರಿನ್‌ನಿಂದ ಉಪಯೋಗವಿಲ್ಲ, ಸ್ವಲ್ಪ ಕೇಡೇ ಎಂದು ಬಂತು!

ಎಲ್ಲ ಉಪಗುಂಪೂ ಕಸವಲ್ಲ. 2020ರ ರಿಕವರಿ ಅಧ್ಯಯನದಲ್ಲಿ ಕೋವಿಡ್ ರೋಗಿಗಳಿಗೆ ದಿನಕ್ಕೆ 6 ಮಿಲಿಗ್ರಾಂ ಡೆಕ್ಸಾಮೆಥಾಸೋನ್ ಕೊಟ್ಟಾಗ 28 ದಿನದೊಳಗಿನ ಸಾವು ವೆಂಟಿಲೇಟರಿನಲ್ಲಿದ್ದವರಲ್ಲಿ ಶೇ 41.4ರಿಂದ 29.3ಕ್ಕೆ, ಆಮ್ಲಜನಕ ಮಾತ್ರ ಪಡೆಯುತ್ತಿದ್ದವರಲ್ಲಿ 26.2ರಿಂದ 23.3ಕ್ಕೆ ಇಳಿಯಿತು. ಆಮ್ಲಜನಕವೇ ಬೇಡವಾದವರಲ್ಲಿ ಲಾಭ ಕಾಣಲಿಲ್ಲ: ಔಷಧಿಯಿಲ್ಲದೆ 14.0, ಔಷಧಿಯೊಡನೆ 17.8. ಈ ವಿಂಗಡಣೆ ಮೊದಲೇ ಯೋಚಿಸಿ ಇಟ್ಟದ್ದು, ಲಾಭ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ, ರೋಗದ ಸ್ವಭಾವಕ್ಕೂ ಹೊಂದುತ್ತದೆ. ಈ ಮೂರೂ ಇದ್ದರೆ ನಾನು ನಂಬುತ್ತೇನೆ. ಮೊದಲೇ ಯೋಚಿಸಿದ್ದರೋ ಇಲ್ಲವೋ ಎಂಬುದು ಟ್ರಯಲ್ ರಿಜಿಸ್ಟ್ರಿಯಲ್ಲಿ (ಅಧ್ಯಯನಗಳ ವಿವರ ನೋಂದಾಯಿಸುವ ಪಟ್ಟಿ), ಅಧ್ಯಯನದ ಮೂಲ ಯೋಜನೆಯಲ್ಲಿ ಸಿಗುತ್ತದೆ. ಪ್ರಬಂಧದಲ್ಲಿ "ಮುಖ್ಯ" ಎಂದು ಹೇಳಿದ ಫಲಿತಾಂಶ ಅಲ್ಲೂ ಮುಖ್ಯವೇ ಆಗಿತ್ತೇ ಎಂದೂ ಆಗಲೇ ನೋಡಿಬಿಡಿ.

ರೋಗಿಗೆ ಹೇಳುವುದು

ಶೇಕಡಾ ಬೇಡ, ನೂರು ಜನ ಎನ್ನಿ. ಲಾಭವನ್ನೂ ತೊಂದರೆಯನ್ನೂ ಅದೇ ನೂರರಲ್ಲೇ ಹೇಳಿ. ಲಾಭಕ್ಕೆ "ಮೂರನೇ ಒಂದು ಭಾಗ ಕಡಿಮೆ", ಅಡ್ಡಪರಿಣಾಮಕ್ಕೆ "ಸಾವಿರಕ್ಕೆ ಇಬ್ಬರು" ಎನ್ನುವುದು ತಕ್ಕಡಿಯ ಒಂದು ತಟ್ಟೆಯನ್ನು ಕೈಯಲ್ಲಿ ಒತ್ತಿ ಹಿಡಿದಂತೆ. ನಾನು ಹೇಳುವುದು ಹೀಗೆ: "ನಿಮ್ಮಂಥ ಹೃದ್ರೋಗದವರು ನೂರು ಜನ ಐದಾರು ವರ್ಷ ಮಾತ್ರೆ ತಗೊಂಡಿಲ್ಲ ಅಂದ್ರೆ ಹನ್ನೊಂದು ಹನ್ನೆರಡು ಜನ ತೀರಿಕೊಳ್ತಾರೆ. ತಗೊಂಡ್ರೆ ಎಂಟು ಜನ. ಆ ಉಳಿದ ಮೂರು ಜನರಲ್ಲಿ ನೀವು ಇರ್ತೀರೋ ಇಲ್ವೋ ನಂಗೆ ಗೊತ್ತಿಲ್ಲ." ನಂತರ ಸುಮ್ಮನಿರಿ. ಮೊದಲ ಪ್ರಶ್ನೆ ಅವರಿಂದಲೇ ಬರಲಿ. ಕೇಸ್ ಶೀಟಿನಲ್ಲಿ ಅವರು ಏನೆಂದರು ಎಂದು ಅವರ ಮಾತಿನಲ್ಲೇ ಬರೆಯಿರಿ, ಮುಂದಿನ ಸಲ ನೋಡುವ ವೈದ್ಯರು ಬೇರೆಯಾಗಿರಬಹುದು.

ನಿಮ್ಮ ರೋಗಿಯನ್ನೇ ಒಂದು ಪ್ರಯೋಗಕ್ಕೆ ಕರೆದಿದ್ದರೆ ಒಪ್ಪಿಗೆ ಪತ್ರವನ್ನು ಅವರ ಜೊತೆ ಕೂತು ಓದಿ. ಯಾವ ಔಷಧಿ ಸಿಗುತ್ತದೆ ಎಂಬುದನ್ನು ವೈದ್ಯರು ಆರಿಸುವುದಿಲ್ಲ, ಚೀಟಿ ಎತ್ತಿದಂತೆ ಬರುತ್ತದೆ ಎಂಬುದು ಅವರಿಗೆ ಅರ್ಥವಾಗಿದೆಯೇ ಎಂದು ಅವರ ಬಾಯಿಂದಲೇ ಹೇಳಿಸಿ. ಬಹಳ ಮಂದಿ "ನನಗೆ ಯಾವುದು ಒಳ್ಳೆಯದೋ ಅದನ್ನೇ ಕೊಡ್ತಾರೆ" ಎಂದುಕೊಂಡಿರುತ್ತಾರೆ. ನಡುವೆ ಬಿಟ್ಟರೆ ಈಗಿನ ಚಿಕಿತ್ಸೆ ನಿಲ್ಲುವುದಿಲ್ಲ ಎಂದು, ಹೆಚ್ಚಿನ ಭೇಟಿ ಎಷ್ಟು, ಹೆಚ್ಚಿನ ರಕ್ತಪರೀಕ್ಷೆ ಎಷ್ಟು, ಪ್ರಯೋಗದಿಂದ ಹಾನಿಯಾದರೆ ವೆಚ್ಚ ಯಾರದ್ದು ಎಂದು ಪತ್ರದಲ್ಲಿ ಬೆರಳಿಟ್ಟು ತೋರಿಸಿ. ಕೊನೆಯ ಪುಟದಲ್ಲಿ ತುರ್ತು ಕರೆಯ ನಂಬರ್ ಇರುತ್ತದೆ. ಅದಕ್ಕೆ ಒಂದು ರಾತ್ರಿ ನೀವೇ ಕರೆ ಮಾಡಿ ನೋಡಿ. ಯಾರೂ ಎತ್ತದಿದ್ದರೆ ಸಂಶೋಧಕರಿಗೆ ತಿಳಿಸಿ, ಅದು ಸರಿಯಾದ ಮೇಲೆ ಸಹಿ ಹಾಕಿದರಾಯಿತು.